ಎಂಎಸ್ (ಮಲ್ಟಿಪಲ್ ಸ್ಕ್ಲೀರೋಸಿಸ್) ಇರುವವರ ಎಂಆರ್‌ಐ: ಮೆದುಳಿನ ಆ ಬಿಳಿ ಚುಕ್ಕೆಗಳು ಏನು ಹೇಳುತ್ತವೆ?

ನನ್ನ ತಂಗಿಗೆ ಮೊದಲು ಮಂಕಾಗಿದ್ದು ಕೆಂಪು ಬಣ್ಣ. ಮದ್ದೂರು ಕಡೆಯ ಒಂದು ಹಳ್ಳಿ ಶಾಲೆಯಲ್ಲಿ ಅವಳು ಟೀಚರ್. ಒಂದು ದಿನ ಬೆಳಿಗ್ಗೆ ಫೋನ್ ಮಾಡಿ, "ಅಕ್ಕಾ, ಕುಂಕುಮ ಯಾಕೋ ಮಾಸ್ದಂಗೆ ಕಾಣ್ತದೆ ಕಣಕ್ಕಾ, ಬಲಗಣ್ಣಲ್ಲಿ ಮಾತ್ರ" ಅಂದಳು. ಕಣ್ಣು ಆಡಿಸಿದರೆ ಒಳಗೆಲ್ಲೋ ನೋವು. ತಲೆಗೆ ಎರೆದುಕೊಂಡು ಹಂಡೆಯ ಬಿಸಿ ನೀರಿನಲ್ಲಿ ಸ್ನಾನ ಮಾಡಿ ಬಂದರೆ ಆ ಕಣ್ಣು ಇನ್ನೂ ಮಂಜಾಗುತ್ತಿತ್ತು. ಒಂದು ಕಡೆ ತೋರಿಸಿದೆವು. ಸಿಟಿ ಸ್ಕ್ಯಾನ್ ಮಾಡಿಸಿದರು, ನಾರ್ಮಲ್ ಬಂತು, ಬಿ ಕಾಂಪ್ಲೆಕ್ಸ್ ಮಾತ್ರೆ ಕೊಟ್ಟು ಕಳಿಸಿದರು. ಕೆಲವು ವಾರಗಳಲ್ಲಿ ಕಣ್ಣು ತಾನಾಗೇ ತಿಳಿಯಾಯಿತು, ನಾವೂ ಮರೆತುಬಿಟ್ಟೆವು. ಏಳು ತಿಂಗಳು ಕಳೆದ ಮೇಲೆ ಸೊಂಟದಿಂದ ಕೆಳಗೆ ಜೋಮು ಹಿಡಿಯಿತು. ಚಪ್ಪಲಿ ಕಾಲಿನಿಂದ ಜಾರಿ ಹೋದರೂ ಅವಳಿಗೆ ಗೊತ್ತಾಗುತ್ತಿರಲಿಲ್ಲ. ಆಗ ಮೈಸೂರಿಗೆ ಕರೆಸಿಕೊಂಡು ಎಂಆರ್‌ಐ ಮಾಡಿಸಿದೆ.

ರಿಪೋರ್ಟ್ ಫೋನಿಗೆ ಬಂದಾಗ ನಾವಿನ್ನೂ ಸ್ಕ್ಯಾನ್ ಸೆಂಟರ್ ಹೊರಗಡೆ ಕಾಫಿ ಕುಡಿಯುತ್ತಿದ್ದೆವು. 'ಮಲ್ಟಿಪಲ್ ಟಿ2 ಫ್ಲೇರ್ ಹೈಪರ್‌ಇಂಟೆನ್ಸಿಟೀಸ್, ಪೆರಿವೆಂಟ್ರಿಕ್ಯುಲರ್, ಜಕ್ಸ್ಟಾಕಾರ್ಟಿಕಲ್, ಡಿಮೈಲಿನೇಷನ್' ಅಂತೆಲ್ಲ ಇತ್ತು, ಅಂದರೆ ಮೆದುಳಿನಲ್ಲಿ ಅಲ್ಲಲ್ಲಿ ಬಿಳಿ ಚುಕ್ಕೆಗಳು. ಅವಳು ಕೇಳಿದ್ದು ಒಂದೇ. "ಎಷ್ಟು ಚುಕ್ಕೆ ಇದೆ?" ಆಮೇಲೆ ನನಗೆ ಸಿಕ್ಕ ಬೇರೆ ಮನೆಯವರೂ ಹೆಚ್ಚುಕಮ್ಮಿ ಇದನ್ನೇ ಕೇಳುತ್ತಾರೆ. ನಾನೂ ಡಾಕ್ಟರ್ ಅಲ್ಲ. ಆದರೆ ಈ ಐದು ವರ್ಷ ಅವಳ ಜೊತೆ ಕೂತು, ನ್ಯೂರಾಲಜಿಸ್ಟ್ ಹತ್ತಿರ ಕೇಳಿ ಕೇಳಿ, ಓದಿ ತಿಳಿದುಕೊಂಡಿದ್ದೇನೆಂದರೆ ಚುಕ್ಕೆಯ ಲೆಕ್ಕಕ್ಕಿಂತ ಅದು ಎಲ್ಲಿದೆ, ಯಾವಾಗ ಬಂತು ಅನ್ನುವುದೇ ದೊಡ್ಡದು. ಅದನ್ನು ಆವತ್ತು ಯಾರಾದರೂ ನಮಗೆ ಕೂರಿಸಿಕೊಂಡು ಹೇಳಿದ್ದರೆ ಎಷ್ಟೋ ರಾತ್ರಿ ನಿದ್ದೆ ಬರುತ್ತಿತ್ತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಕಾಯಿಲೆ. ಮೆದುಳಿನಿಂದ ಕಣ್ಣಿಗೆ, ಕೈಗೆ, ಕಾಲಿಗೆ ಸುದ್ದಿ ಒಯ್ಯುವ ನರದ ಎಳೆಗಳ ಮೇಲೆ ಮೈಯಲಿನ್ ಅನ್ನುವ ಒಂದು ಹೊದಿಕೆ ಇದೆ. ಹೆಚ್ಚಾಗಿ ಕೊಬ್ಬಿನಿಂದ ಆದದ್ದು. ನಮ್ಮ ದೇಹವನ್ನು ಕಾಯಬೇಕಾದ ರೋಗನಿರೋಧಕ ಪಡೆಯೇ ದಾರಿತಪ್ಪಿ ಈ ಹೊದಿಕೆಯನ್ನು ಕಿತ್ತುಹಾಕುವುದು ಮಲ್ಟಿಪಲ್ ಸ್ಕ್ಲೀರೋಸಿಸ್, ಅಂದರೆ ಎಂಎಸ್. ಹೀಗೆ ಹೊದಿಕೆ ಹೋಗುವುದೇ ರಿಪೋರ್ಟ್‌ನಲ್ಲಿದ್ದ ಡಿಮೈಲಿನೇಷನ್. ಹೊದಿಕೆ ಹೋದ ಕಡೆ ಸುದ್ದಿ ನಿಧಾನವಾಗುತ್ತದೆ, ಇಲ್ಲ ನಿಂತೇ ಹೋಗುತ್ತದೆ. ಫ್ರಾನ್ಸಿನ ಶಾರ್ಕೋ 1868ರಲ್ಲಿ ಈ ಕಾಯಿಲೆಯನ್ನು ಬೇರೆಯದೇ ಅಂತ ಗುರುತಿಸಿ ವಿವರಿಸಿದಾಗ ಅವರ ಮುಂದೆ ಇದ್ದದ್ದು ಸತ್ತವರ ಮೆದುಳು. ಅದರಲ್ಲಿ ಅಲ್ಲಲ್ಲಿ ಗಟ್ಟಿಯಾದ ಕಲೆಗಳು. ಸ್ಕ್ಲೀರೋಸಿಸ್ ಅಂದರೆ ಗಟ್ಟಿಯಾಗುವುದು, ಮಲ್ಟಿಪಲ್ ಅಂದರೆ ಹಲವು ಕಡೆ. ಅಷ್ಟೇ ಆ ಹೆಸರಿನ ಅರ್ಥ. ಜಗತ್ತಿನಲ್ಲಿ 28 ಲಕ್ಷಕ್ಕೂ ಹೆಚ್ಚು ಜನರಿಗೆ ಇದು ಇದೆ, ಗಂಡಸರಿಗಿಂತ ಹೆಂಗಸರಿಗೆ ಜಾಸ್ತಿ, ಅದೂ ಸಾಮಾನ್ಯವಾಗಿ 20ರಿಂದ 40 ವರ್ಷದ ಒಳಗೆ ಶುರುವಾಗುತ್ತದೆ.

ಬದುಕಿರುವವರ ಮೆದುಳಿನಲ್ಲಿ ಆ ಕಲೆಗಳನ್ನು ನೋಡಲು ಇನ್ನೂ ನೂರು ವರ್ಷಕ್ಕಿಂತ ಹೆಚ್ಚು ಕಾಯಬೇಕಾಯಿತು. 1981ರಲ್ಲಿ ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯಲ್ಲಿ ಎಂಎಸ್ ಇದ್ದ 10 ಜನರಿಗೆ ಸಿಟಿಯನ್ನೂ ಮಾಡಿದರು, ಆಗಿನ್ನೂ ಹೊಸದಾಗಿದ್ದ ಎಂಆರ್ ಸ್ಕ್ಯಾನನ್ನೂ ಮಾಡಿದರು. ಸಿಟಿಯಲ್ಲಿ ಕಂಡದ್ದು 19 ಕಲೆ. ಎಂಆರ್‌ನಲ್ಲಿ ಅವಲ್ಲದೆ ಇನ್ನೂ 112 ಕಲೆ ಕಂಡವು. ಈ ಲೆಕ್ಕ ಓದಿದ ದಿನ ನನಗೆ ತಂಗಿಯ 'ನಾರ್ಮಲ್' ಸಿಟಿ ನೆನಪಾಯಿತು. ಸಿಟಿ ಅಂದರೆ ಎಕ್ಸ್‌ರೇ. ಮೂಳೆ ಮುರಿದಿದೆಯಾ, ರಕ್ತ ಸೋರಿದೆಯಾ ಅಂತ ಕ್ಷಣದಲ್ಲಿ ಹೇಳುತ್ತದೆ, ಅದಕ್ಕೆ ಅದೇ ಸರಿ. ಮೈಯಲಿನ್ ಕಿತ್ತುಹೋಗಿದ್ದನ್ನು ಮಾತ್ರ ಅದು ಬಹಳ ಸಲ ಕಾಣುವುದೇ ಇಲ್ಲ. ಎಂಎಸ್ ಇರಬಹುದು ಅನ್ನುವ ಅನುಮಾನ ಇದ್ದಾಗ ಸಿಟಿ ನಾರ್ಮಲ್ ಅನ್ನುವ ಮಾತಿಗೆ ಬೆಲೆ ಕಟ್ಟಬೇಡಿ.

ಎಂಆರ್‌ಐ ನೋಡುವುದು ನೀರನ್ನು. ಯಂತ್ರದೊಳಗೆ ಭಾರಿ ಅಯಸ್ಕಾಂತ ಇರುತ್ತದೆ. ನಮ್ಮ ಕಡೆ ಸಾಮಾನ್ಯವಾಗಿ ಸಿಗುವುದು 1.5 ಟೆಸ್ಲಾ, ಕೆಲವು ಕಡೆ 3 ಟೆಸ್ಲಾ. 1.5 ಟೆಸ್ಲಾ ಅಂದರೆ ಭೂಮಿಯ ಅಯಸ್ಕಾಂತ ಶಕ್ತಿಯ ಸುಮಾರು 30,000 ಪಟ್ಟು. ಅದಕ್ಕೇ ಕಾಲುಂಗುರ, ಹೇರ್‌ಪಿನ್, ಸರ ಎಲ್ಲ ತೆಗೆಸಿಯೇ ಒಳಗೆ ಬಿಡುವುದು. ದೇಹದ ನೀರಿನಲ್ಲಿರುವ ಹೈಡ್ರೋಜನ್ ಕಣಗಳನ್ನು ರೇಡಿಯೋ ಅಲೆಯಿಂದ ಅಲುಗಿಸಿ, ಅವು ಮತ್ತೆ ಸುಮ್ಮನಾಗಲು ಎಷ್ಟು ಹೊತ್ತು ತೆಗೆದುಕೊಳ್ಳುತ್ತವೆ ಅಂತ ಯಂತ್ರ ಅಳೆಯುತ್ತದೆ. ಕೊಬ್ಬಿನಲ್ಲಿ ಒಂದು ವೇಗ, ನೀರಿನಲ್ಲಿ ಇನ್ನೊಂದು ವೇಗ. ಆ ವ್ಯತ್ಯಾಸವೇ ಚಿತ್ರ.

ಇದನ್ನು ತಂಗಿಗೆ ಅರ್ಥ ಮಾಡಿಸಿದ್ದು ನಮ್ಮ ಅಪ್ಪ. ಅಪ್ಪ ನಾಲೆ ಬಯಲಿನ ರೈತ. ವಿಶ್ವೇಶ್ವರಯ್ಯ ನಾಲೆಯ ನೀರಿನಲ್ಲೇ ಕಬ್ಬು, ಭತ್ತ ಬೆಳೆದವರು. ನಾನು ಡಾಕ್ಟರ್ ಹೇಳಿದ್ದನ್ನೆಲ್ಲ ವಿವರಿಸುತ್ತಿದ್ದಾಗ ಅವರು, "ಅಂದ್ರೆ ಕಾಲುವೆ ಪಕ್ಕ ಜೌಗು ಹಿಡಿದಂಗೆ" ಅಂದರು. ನಿಜಕ್ಕೂ ಅದೇ. ಮೈಯಲಿನ್ ಕೊಬ್ಬು ತಾನೆ, ನೀರನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಅದು ಕಿತ್ತುಹೋದ ಜಾಗದಲ್ಲಿ ಉರಿಯೂತ ಆಗಿ ನೀರು ಸೇರಿಕೊಳ್ಳುತ್ತದೆ. ಟಿ2 ಅನ್ನುವ ಚಿತ್ರದಲ್ಲಿ ನೀರು ಎಲ್ಲಿದ್ದರೂ ಬೆಳ್ಳಗೆ ಹೊಳೆಯುತ್ತದೆ. ಆದರೆ ಮೆದುಳಿನ ನಡುವೆ ವೆಂಟ್ರಿಕಲ್ ಅನ್ನುವ ಕೊಳಗಳಿವೆ, ಅವುಗಳ ತುಂಬ ನೀರೇ. ಕೊಳವೂ ಬಿಳಿ, ಅದರ ದಡದ ಜೌಗೂ ಬಿಳಿ ಆದರೆ ಎರಡನ್ನೂ ಬೇರೆ ಮಾಡುವುದು ಹೇಗೆ? ಅದಕ್ಕೇ ಫ್ಲೇರ್. ಇದು ಕೊಳದ ನೀರನ್ನು ಕಪ್ಪಾಗಿಸಿ ಜೌಗನ್ನು ಮಾತ್ರ ಬೆಳ್ಳಗೆ ಉಳಿಸುತ್ತದೆ. ರಿಪೋರ್ಟ್‌ನಲ್ಲಿ ಹೈಪರ್‌ಇಂಟೆನ್ಸಿಟಿ ಅಂತ ಇರುವುದು ಈ ಬಿಳಿ ಹೊಳಪಿಗೆ. ಆ ಪದಕ್ಕೆ 'ಸುತ್ತಲಿನ ಜಾಗಕ್ಕಿಂತ ಬೆಳ್ಳಗಿದೆ' ಅನ್ನುವುದಕ್ಕಿಂತ ಹೆಚ್ಚು ಅರ್ಥ ಇಲ್ಲ. ಕಾಯಿಲೆಯ ಹೆಸರು ಅದರಲ್ಲಿ ಬರೆದಿರುವುದಿಲ್ಲ.

ಇಲ್ಲಿಗೆ ಮುಖ್ಯವಾದ ಮಾತಿಗೆ ಬಂದೆವು. ಬಿಳಿ ಚುಕ್ಕೆ ಎಂಎಸ್ ಇಲ್ಲದವರಲ್ಲೂ ಇರುತ್ತದೆ. ಮೈಗ್ರೇನ್ ಇರುವವರಲ್ಲಿ, ಬಿಪಿ, ಶುಗರ್ ಇರುವವರಲ್ಲಿ, ಬೀಡಿ ಸಿಗರೇಟು ಸೇದುವವರಲ್ಲಿ, ಸುಮ್ನೆ ವಯಸ್ಸಾದವರಲ್ಲೂ ಕಾಣುತ್ತವೆ. ನಮ್ಮ ಅತ್ತೆಗೆ 68 ವರ್ಷ, ತಲೆಸುತ್ತು ಅಂತ ಸ್ಕ್ಯಾನ್ ಮಾಡಿಸಿದಾಗ ಅವರ ಮೆದುಳಿನಲ್ಲಿ ನನ್ನ ತಂಗಿಗಿಂತ ಜಾಸ್ತಿ ಚುಕ್ಕೆ ಇದ್ದವು. ಅವು ಬಿಪಿಯಿಂದ ಬಂದ ಚುಕ್ಕೆಗಳು. ಹಾಗಾದರೆ ಡಾಕ್ಟರಿಗೆ ವ್ಯತ್ಯಾಸ ಗೊತ್ತಾಗುವುದು ಹೇಗೆ? ಜಾಗದಿಂದ, ಆಕಾರದಿಂದ.

ಎಂಎಸ್ ಕಲೆಗಳಿಗೆ ಕೆಲವು ಇಷ್ಟದ ಜಾಗಗಳಿವೆ. ವೆಂಟ್ರಿಕಲ್ ದಡಕ್ಕೆ ಅಂಟಿಕೊಂಡು ಕೂರುತ್ತವೆ, ಇದು ಪೆರಿವೆಂಟ್ರಿಕ್ಯುಲರ್. ಮೆದುಳಿನ ಹೊರಗಿನ ಬೂದು ಪದರದಲ್ಲಿ, ಇಲ್ಲ ಅದಕ್ಕೆ ತಾಗಿಕೊಂಡ ಬಿಳಿ ಭಾಗದಲ್ಲಿ ಬರುತ್ತವೆ, ಇದು ಕಾರ್ಟಿಕಲ್ ಮತ್ತು ಜಕ್ಸ್ಟಾಕಾರ್ಟಿಕಲ್. ಕೆಳಗೆ ಕಿರುಮೆದುಳು, ಮೆದುಳುಕಾಂಡದಲ್ಲಿ ಬಂದರೆ ಇನ್ಫ್ರಾಟೆಂಟೋರಿಯಲ್. ನಾಲ್ಕನೆಯದು ಬೆನ್ನುಹುರಿ. ಬಿಪಿ, ಶುಗರಿನ ಚುಕ್ಕೆಗಳು ಹೆಚ್ಚಾಗಿ ಒಳಗಿನ ಬಿಳಿ ಭಾಗದಲ್ಲಿ ಚದುರಿಕೊಂಡಿರುತ್ತವೆ. ಎಡ ಬಲ ಮೆದುಳನ್ನು ಕೂಡಿಸುವ ಕಾರ್ಪಸ್ ಕಲೋಸಮ್ ಅನ್ನುವ ಸೇತುವೆಯನ್ನು ಅವು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಎಂಎಸ್ ಅದನ್ನು ಬಹಳ ಸಲ ಮುಟ್ಟುತ್ತದೆ.

ಆಕಾರದ ವಿಷಯ ನನಗೆ ತುಂಬ ಇಷ್ಟವಾದದ್ದು. ಸ್ಕಾಟ್ಲೆಂಡಿನ ಜೇಮ್ಸ್ ವಾಕರ್ ಡಾಸನ್ 1916ರಲ್ಲಿ, ಮೈಕ್ರೋಸ್ಕೋಪಿನಲ್ಲಿ ನೋಡಿ, ಎಂಎಸ್ ಕಲೆಗಳು ವೆಂಟ್ರಿಕಲ್ಲಿನಿಂದ ಹೊರಕ್ಕೆ ಸಣ್ಣ ರಕ್ತನಾಳಗಳ ಗುಂಟ ಹೋಗುತ್ತವೆ ಅಂತ ಬರೆದರು. ಇವತ್ತು ಫ್ಲೇರ್ ಚಿತ್ರವನ್ನು ಪಕ್ಕದಿಂದ ನೋಡಿದರೆ ಅದೇ ಕಾಣುತ್ತದೆ. ಅಂಗೈಯಿಂದ ಮೇಲೆದ್ದ ಬೆರಳುಗಳ ಹಾಗೆ ಉದ್ದುದ್ದ ಬಿಳಿ ಕಲೆಗಳು. 'ಡಾಸನ್ಸ್ ಫಿಂಗರ್ಸ್' ಅಂತ ರಿಪೋರ್ಟ್‌ನಲ್ಲಿ ಇದ್ದರೆ ಇದನ್ನೇ ಹೇಳುತ್ತಿರುವುದು. ಉರಿಯೂತದ ಕಣಗಳು ಮೆದುಳಿಗೆ ನುಗ್ಗುವುದು ಸಣ್ಣ ಅಭಿಧಮನಿಗಳ ಸುತ್ತಲಿನಿಂದ. ಅದಕ್ಕೇ ಕಲೆ ಆ ನಾಳದ ಗುಂಟವೇ ಹರಡುತ್ತದೆ. ಕೆರೆ ಒಂದು, ಅದರಿಂದ ಹೊರಟ ಗದ್ದೆ ಕಾಲುವೆಗಳ ಗುಂಟ ಜೌಗು. ಈಗ ಇನ್ನೂ ಸೂಕ್ಷ್ಮ ಚಿತ್ರಗಳಲ್ಲಿ ಬಿಳಿ ಕಲೆಯ ನಟ್ಟನಡುವೆ ಹೋಗುವ ಆ ನಾಳ ಒಂದು ಕಪ್ಪು ಗೆರೆಯಾಗಿ ಕಾಣುತ್ತದೆ. ಸೆಂಟ್ರಲ್ ವೇನ್ ಸೈನ್ ಅಂತಾರೆ. ಮೈಗ್ರೇನ್, ಬಿಪಿಯ ಚುಕ್ಕೆಗಳಲ್ಲಿ ಈ ಗೆರೆ ಇರುವುದು ಕಡಿಮೆ. ನೂರು ವರ್ಷದ ಹಿಂದೆ ಒಬ್ಬರು ಗಾಜಿನ ಪಟ್ಟಿಯ ಮೇಲೆ ನೋಡಿದ್ದು ಇವತ್ತು ನನ್ನ ತಂಗಿಯ ಕಾಯಿಲೆ ಗುರುತಿಸಲು ನೆರವಾಗುತ್ತಿದೆ, ಇದನ್ನು ನೆನೆದರೆ ಈಗಲೂ ಮನಸ್ಸು ತುಂಬುತ್ತದೆ.

ಇನ್ನು 'ಯಾವಾಗ' ಅನ್ನುವುದು. ಕಾಂಟ್ರಾಸ್ಟ್ ಕೊಟ್ಟು ಸ್ಕ್ಯಾನ್ ಮಾಡುತ್ತಾರಲ್ಲ, ಆ ಇಂಜೆಕ್ಷನ್ ಗ್ಯಾಡೋಲಿನಿಯಮ್. ಸಾಮಾನ್ಯವಾಗಿ ರಕ್ತದಲ್ಲಿರುವುದೆಲ್ಲ ಮೆದುಳಿಗೆ ಇಳಿಯುವುದಿಲ್ಲ, ನಡುವೆ ಭದ್ರವಾದ ತೂಬು ಇದೆ. ಹೊಸದಾಗಿ ಉರಿಯೂತ ಎದ್ದ ಜಾಗದಲ್ಲಿ ತೂಬು ಸಡಿಲವಾಗಿರುತ್ತದೆ. ಗ್ಯಾಡೋಲಿನಿಯಮ್ ಅಲ್ಲಿ ಸೋರಿ, ಆ ಕಲೆ ಟಿ1 ಅನ್ನುವ ಇನ್ನೊಂದು ಬಗೆಯ ಚಿತ್ರದಲ್ಲಿ ಬೆಳಗುತ್ತದೆ. ಈ ಸೋರಿಕೆ ಸಾಮಾನ್ಯವಾಗಿ ಎರಡರಿಂದ ಆರು ವಾರ ಇರುತ್ತದೆ, ಆಮೇಲೆ ತೂಬು ಮುಚ್ಚಿಕೊಳ್ಳುತ್ತದೆ. ಹಾಗಾಗಿ 'ಎನ್‌ಹ್ಯಾನ್ಸಿಂಗ್ ಲೀಷನ್' ಅಂದರೆ ಹೊಸ ಗಾಯ, ಬೆಳಗದೆ ಇದ್ದದ್ದು ಹಳೆಯದು. ಒಂದೇ ಸ್ಕ್ಯಾನಿನಲ್ಲಿ ಎರಡೂ ಒಟ್ಟಿಗೆ ಸಿಕ್ಕರೆ ಕಾಯಿಲೆ ಬೇರೆ ಬೇರೆ ಕಾಲದಲ್ಲಿ ಹೊಡೆದಿದೆ ಅಂತಾಯಿತು.

ಎಂಎಸ್ ಹೌದೋ ಅಲ್ಲವೋ ಅಂತ ತೀರ್ಮಾನಿಸಲು ಡಾಕ್ಟರುಗಳು ಬಳಸುವ ಮೆಕ್‌ಡೊನಾಲ್ಡ್ ಮಾನದಂಡದ ಬೆನ್ನೆಲುಬು ಬಹುಕಾಲ ಇದೇ ಆಗಿತ್ತು. ಹಲವು ಜಾಗ, ಹಲವು ಕಾಲ, ಮತ್ತು ಬೇರೆ ಯಾವ ಕಾಯಿಲೆಯೂ ಅಲ್ಲ ಅನ್ನುವ ಖಾತ್ರಿ. 2001ರಲ್ಲಿ ಬಂದ ಈ ಮಾನದಂಡವನ್ನು ಹಲವು ಸಲ ತಿದ್ದಿದ್ದಾರೆ. 2017ರ ತಿದ್ದುಪಡಿಯ ಪ್ರಕಾರ ಮೇಲೆ ಹೇಳಿದ ನಾಲ್ಕು ಜಾಗಗಳಲ್ಲಿ ಕನಿಷ್ಠ ಎರಡರಲ್ಲಿ ಕಲೆ ಇರಬೇಕಿತ್ತು. ಕಾಲದ ಸಾಕ್ಷಿ ಸ್ಕ್ಯಾನಿನಲ್ಲಿ ಸಿಗದಿದ್ದರೆ ಬೆನ್ನಿನ ನೀರು ತೆಗೆದು ಅದರಲ್ಲಿ ಆಲಿಗೋಕ್ಲೋನಲ್ ಬ್ಯಾಂಡ್ (ರೋಗನಿರೋಧಕ ಪಡೆಯ ಪ್ರತಿಕಾಯಗಳ ಗುರುತು) ಇದೆಯಾ ಅಂತ ನೋಡಿದರೂ ಆಗುತ್ತಿತ್ತು. 2024ರ ತಿದ್ದುಪಡಿಯಲ್ಲಿ ಕಣ್ಣಿನ ನರವನ್ನೂ ಐದನೆಯ ಜಾಗವಾಗಿ ಸೇರಿಸಿದ್ದಾರೆ. ಮಾಸಿದ ಕುಂಕುಮದ ಲೆಕ್ಕವೂ ಈಗ ಪುಸ್ತಕಕ್ಕೆ ಸೇರಿತು.

ಬೇರೆ ಕಾಯಿಲೆಯಲ್ಲ ಅನ್ನುವ ಖಾತ್ರಿ ನಮ್ಮ ದೇಶದಲ್ಲಿ ತುಂಬಾ ಮುಖ್ಯ. ಮೆದುಳಿನ ಟಿಬಿ, ಲಾಡಿಹುಳದ ಮೊಟ್ಟೆಯಿಂದ ಬರುವ ನ್ಯೂರೋಸಿಸ್ಟಿಸರ್ಕೋಸಿಸ್ ಇಲ್ಲಿ ಅಪರೂಪ ಅಲ್ಲ. ಕಾಂಟ್ರಾಸ್ಟ್ ಕೊಟ್ಟಾಗ ಅವು ಸಾಮಾನ್ಯವಾಗಿ ಪೂರ್ತಿ ಬಳೆಯ ಹಾಗೆ ದುಂಡಗೆ ಬೆಳಗುತ್ತವೆ. ಎಂಎಸ್‌ನ ಹೊಸ ಕಲೆ ಬಳೆಯಂತೆ ಬೆಳಗಿದರೂ ಕೆಲವು ಸಲ ಒಂದು ಕಡೆ ಒಡೆದ ಬಳೆಯಂತೆ ಬಾಯಿ ತೆರೆದಿರುತ್ತದೆ. ಬಿ12 ಕೊರತೆಯೂ ಜೋಮು ಕೊಡುತ್ತದೆ, ಅದನ್ನು ರಕ್ತ ಪರೀಕ್ಷೆಯಲ್ಲಿ ನೋಡುತ್ತಾರೆ. ಎಲ್ಲಕ್ಕಿಂತ ಹುಷಾರಾಗಿರಬೇಕಾದದ್ದು ಎನ್‌ಎಂಒ, ಅಂದರೆ ನ್ಯೂರೋಮೈಲೈಟಿಸ್ ಆಪ್ಟಿಕಾ ವಿಷಯದಲ್ಲಿ. ಅದೂ ಕಣ್ಣಿನ ನರ, ಬೆನ್ನುಹುರಿಯನ್ನೇ ಹಿಡಿಯುತ್ತದೆ, ಆದರೆ ಬೇರೆ ಕಾಯಿಲೆ. ಬೆನ್ನುಹುರಿಯಲ್ಲಿ ಎಂಎಸ್ ಕಲೆ ಗಿಡ್ಡ, ಎನ್‌ಎಂಒ ಕಲೆ ಸಾಮಾನ್ಯವಾಗಿ ಮೂರು ಕಶೇರುಗಳಷ್ಟು ಇಲ್ಲ ಅದಕ್ಕಿಂತ ಉದ್ದ. ಎನ್‌ಎಂಒ ಇದ್ದವರ ಮೆದುಳಿನ ಸ್ಕ್ಯಾನ್ ಮೊದಮೊದಲು ಪೂರ್ತಿ ನಾರ್ಮಲ್ ಕೂಡ ಇರಬಹುದು. ಎಂಎಸ್‌ಗೆ ಕೊಡುವ ಕೆಲವು ಔಷಧಿಗಳು ಎನ್‌ಎಂಒವನ್ನು ಕೆರಳಿಸುತ್ತವೆ. ಅದಕ್ಕೇ ಎನ್‌ಎಂಒ ಗುರುತಿಸುವ ಅಕ್ವಾಪೊರಿನ್-4 ಪ್ರತಿಕಾಯದ ರಕ್ತ ಪರೀಕ್ಷೆ ಬರೆದುಕೊಟ್ಟರೆ 'ಇನ್ನೊಂದು ಖರ್ಚು' ಅಂದುಕೊಂಡು ಬಿಡಬೇಡಿ. ನಾವು ಅದನ್ನು ಒಂದು ವಾರ ಮುಂದೂಡಿದ್ದೆವು, ಮಾಡಬಾರದಿತ್ತು. ಅವಳದು ನೆಗೆಟಿವ್ ಬಂತು.

ಈಗ ಮತ್ತೆ ಚುಕ್ಕೆಯ ಲೆಕ್ಕಕ್ಕೆ ಬರೋಣ. ಚುಕ್ಕೆ ಜಾಸ್ತಿ ಇದ್ದರೆ ಕಾಯಿಲೆ ಜೋರು ಅಲ್ವಾ ಅಂತ ಎಲ್ಲರೂ ಕೇಳುತ್ತಾರೆ. ಸ್ವಲ್ಪ ಮಟ್ಟಿಗೆ ಹೌದು. ಶುರುವಿನಲ್ಲೇ ಬಹಳ ಕಲೆಗಳಿದ್ದರೆ, ಅದರಲ್ಲೂ ಮೆದುಳುಕಾಂಡ, ಬೆನ್ನುಹುರಿಯಲ್ಲಿದ್ದರೆ ಡಾಕ್ಟರು ಗಟ್ಟಿ ಔಷಧಿಯಿಂದಲೇ ಶುರುಮಾಡುವ ಯೋಚನೆ ಮಾಡುತ್ತಾರೆ. ಆದರೆ ಇಪ್ಪತ್ತು ಕಲೆ ಇಟ್ಟುಕೊಂಡು ಓಡಾಡುವವರಿದ್ದಾರೆ, ನಾಲ್ಕೇ ಕಲೆಯಲ್ಲಿ ಕೋಲು ಹಿಡಿದವರೂ ಇದ್ದಾರೆ. ಮೈಸೂರಿನ ಅಗ್ರಹಾರದ ಯಾವುದೋ ಗಲ್ಲಿಯಲ್ಲಿ ಮರ ಬಿದ್ದರೆ ಪಕ್ಕದ ಗಲ್ಲಿಯಲ್ಲಿ ಸುತ್ತಿಕೊಂಡು ಹೋಗಬಹುದು. ಶ್ರೀರಂಗಪಟ್ಟಣದ ಹತ್ತಿರ ಕಾವೇರಿ ಸೇತುವೆಯ ಮೇಲೆ ಒಂದೇ ಒಂದು ಲಾರಿ ಕೆಟ್ಟು ನಿಂತರೆ ಹಿಂದೆ ಎಲ್ಲರೂ ನಿಂತರು. ಬೆನ್ನುಹುರಿ ಆ ಸೇತುವೆಯ ಹಾಗೆ, ಕಿರುಬೆರಳಿನಷ್ಟು ದಪ್ಪದ ಜಾಗದಲ್ಲಿ ಕೈಕಾಲಿನ ಎಲ್ಲ ಎಳೆಗಳೂ ಹಾದು ಹೋಗುತ್ತವೆ. ನನ್ನ ತಂಗಿಯ ಜೋಮಿಗೆ ಕಾರಣ ಮೆದುಳಿನ ಒಂಬತ್ತು ಚುಕ್ಕೆಗಳಲ್ಲಿ ಯಾವುದೂ ಆಗಿರಲಿಲ್ಲ. ಬೆನ್ನಿನಲ್ಲಿದ್ದ ಒಂದು ಪುಟ್ಟ ಕಲೆ ಅದು, ಬೆನ್ನುಹುರಿಯನ್ನೂ ಸ್ಕ್ಯಾನ್ ಮಾಡಿದ ಮೇಲೆ ಸಿಕ್ಕಿತು. ಮೆದುಳಿನದ್ದು ಮಾತ್ರ ಮಾಡಿಸಿ ಬಂದಿದ್ದರೆ ಕಾಣುತ್ತಲೇ ಇರಲಿಲ್ಲ.

ಇನ್ನೊಂದು ಮಾತು, ಇದು ಕೇಳಲು ಕಷ್ಟ. ಸ್ಕ್ಯಾನಿನಲ್ಲಿ ಕಾಣುವ ಹೊಸ ಕಲೆಗಳು, ಮೈಗೆ ಗೊತ್ತಾಗುವ ಅಟ್ಯಾಕ್‌ಗಳಿಗಿಂತ ಐದರಿಂದ ಹತ್ತು ಪಟ್ಟು ಹೆಚ್ಚು. ಅಂದರೆ "ನಂಗೆ ಚೆನ್ನಾಗೇ ಇದೆ" ಅನ್ನುವ ದಿನಗಳಲ್ಲೂ ಒಳಗೆ ಕೆಲಸ ನಡೆಯುತ್ತಿರಬಹುದು. ಚೆನ್ನಾಗಿದ್ದಾಗ ಔಷಧಿ ಬಿಡುವವರಿಗೆ ನಾನು ಕೈಮುಗಿದು ಹೇಳುವುದು ಇದನ್ನೇ. ವರ್ಷ ವರ್ಷ ಸ್ಕ್ಯಾನ್ ಮಾಡಿಸಿ ಅಂತ ಹೇಳುವುದೂ ಇದಕ್ಕೇ.

ಎಲ್ಲವೂ ಬಿಳಿಯಾಗಿಯೇ ಇರುವುದಿಲ್ಲ. ಟಿ1 ಚಿತ್ರದಲ್ಲಿ ಕೆಲವು ಕಲೆಗಳು ಕಪ್ಪಗೆ ಕಾಣುತ್ತವೆ, ಅವಕ್ಕೆ ಬ್ಲ್ಯಾಕ್ ಹೋಲ್ ಅಂತ ಹೆಸರು. ಹೆಸರು ಕೇಳಿ ಹೆದರಬೇಡಿ. ಹೊಸ ಕಲೆಯ ಊತದಿಂದಲೂ ಹಾಗೆ ಕಾಣಬಹುದು, ಊತ ಇಳಿದ ಮೇಲೆ ಎಷ್ಟೋ ಮಾಯವಾಗುತ್ತವೆ. ತಿಂಗಳುಗಟ್ಟಲೆ ಆದರೂ ಕಪ್ಪಾಗಿಯೇ ಉಳಿದರೆ ಅಲ್ಲಿ ಹೊದಿಕೆ ಮಾತ್ರ ಅಲ್ಲ, ನರದ ಎಳೆಗಳೇ ಹೋಗಿವೆ ಅಂತ ಅರ್ಥ. ಇನ್ನು ಕೆಲವು ಹಳೆಯ ಕಲೆಗಳ ಅಂಚಿನಲ್ಲಿ ಕಬ್ಬಿಣದ ಅಂಶ ತುಂಬಿದ ಕಣಗಳು ಉಂಗುರದ ಹಾಗೆ ಕೂತಿರುತ್ತವೆ. ಹೊರಗಿನಿಂದ ಶಾಂತ, ಕಾಂಟ್ರಾಸ್ಟ್‌ಗೂ ಬೆಳಗುವುದಿಲ್ಲ, ಆದರೆ ಅಂಚಿನಲ್ಲಿ ನಿಧಾನವಾಗಿ ಸುಡುತ್ತಲೇ ಇರುತ್ತವೆ. ಬೂದಿ ಮುಚ್ಚಿದ ಕೆಂಡ ಅಂತೀವಲ್ಲ, ಅದೇ. ಇವನ್ನು ನೋಡಲು ಬೇರೆ ಬಗೆಯ ಚಿತ್ರ ತೆಗೆಯಬೇಕು, ಎಲ್ಲ ಸೆಂಟರಿನಲ್ಲೂ ತೆಗೆಯುವುದಿಲ್ಲ.

ಮೆದುಳು ಸ್ವಲ್ಪ ಸ್ವಲ್ಪವಾಗಿ ಕುಗ್ಗುವುದೂ ಇದೆ. ಆರೋಗ್ಯವಂತ ದೊಡ್ಡವರಲ್ಲಿ ವರ್ಷಕ್ಕೆ ಸುಮಾರು ಶೇಕಡಾ 0.1ರಿಂದ 0.3, ಚಿಕಿತ್ಸೆ ಇಲ್ಲದ ಎಂಎಸ್‌ನಲ್ಲಿ ಶೇಕಡಾ 0.5ರಿಂದ 1ಕ್ಕೂ ಮೇಲೆ. ಕಣ್ಣಳತೆಯಲ್ಲಿ ಒಂದು ವರ್ಷದ ವ್ಯತ್ಯಾಸ ತಿಳಿಯುವುದಿಲ್ಲ. ಒಬ್ಬರಲ್ಲಿ ಇದನ್ನು ಅಳೆದು ತೀರ್ಮಾನ ಹೇಳುವುದೂ ಸುಲಭವಲ್ಲ, ಆ ದಿನ ನೀರು ಕಡಿಮೆ ಕುಡಿದಿದ್ದರೂ ಅಳತೆ ಏರುಪೇರಾಗುತ್ತದೆ. ತಂಗಿ ಮಧ್ಯಾಹ್ನದ ಹೊತ್ತಿಗೆ ಸುಸ್ತಾಗಿ ಬೀಳುವುದು, ಪಾಠದ ನಡುವೆ ಪದ ಸಿಗದೆ ನಿಲ್ಲುವುದು, ಇವೆಲ್ಲ ಬಿಳಿ ಚುಕ್ಕೆಗಳಲ್ಲಿ ಪೂರ್ತಿ ಕಾಣುವುದಿಲ್ಲ. ಬೂದು ಪದರದ ಕಲೆಗಳು ಮಾಮೂಲಿ ಸ್ಕ್ಯಾನಿಗೆ ಹೆಚ್ಚಾಗಿ ಸಿಗುವುದೇ ಇಲ್ಲ. ಹಾಗಾಗಿ ರಿಪೋರ್ಟ್ ಚೆನ್ನಾಗಿದೆ, ನಿನಗೇನೂ ಆಗಿಲ್ಲ, ಸುಮ್ನೆ ಸೋಮಾರಿತನ ಅಂತ ಯಾರೂ ಹೇಳಬೇಡಿ. ಅವಳಿಗೆ ಅತ್ಯಂತ ನೋವು ಕೊಟ್ಟ ಮಾತು ಅದು.

ಸ್ಕ್ಯಾನ್ ಮಾಡಿಸುವಾಗ ಆದಷ್ಟು ಒಂದೇ ಸೆಂಟರ್, ಒಂದೇ ಯಂತ್ರ ಇರಲಿ. ಒಂದು ಸಲ ಮಂಡ್ಯದಲ್ಲಿ, ಒಂದು ಸಲ ಮೈಸೂರಿನಲ್ಲಿ, ಇನ್ನೊಂದು ಸಲ ಬೆಂಗಳೂರಿನಲ್ಲಿ ಬೇರೆ ಬೇರೆ ಯಂತ್ರದಲ್ಲಿ ಮಾಡಿಸಿದರೆ ಹೋಳುಗಳ ದಪ್ಪ, ತಲೆ ಇಟ್ಟ ಓರೆ ಎಲ್ಲ ಬದಲಾಗಿ, ಹಳೆಯ ಕಲೆಯೇ ಹೊಸದಂತೆ ಕಾಣಬಹುದು. ಹಳೆಯ ಸಿಡಿ ಒಂದನ್ನೂ ಎಸೆಯಬೇಡಿ. ಫಿಲ್ಮ್ ಹಾಳೆಗಿಂತ ಸಿಡಿಯಲ್ಲಿ ಪೂರ್ತಿ ಚಿತ್ರಗಳಿರುತ್ತವೆ, ರೇಡಿಯಾಲಜಿಸ್ಟ್ ಪಕ್ಕಪಕ್ಕ ಇಟ್ಟು ಹೋಲಿಸಲು ಅದೇ ಬೇಕು. ಔಷಧಿ ಶುರುವಾಗಿ ಸುಮಾರು ಆರು ತಿಂಗಳಿಗೆ ಒಂದು ಸ್ಕ್ಯಾನ್ ಮಾಡಿ, ಅದನ್ನು ಹೊಸ ಬುನಾದಿ ಅಂತ ಇಟ್ಟುಕೊಳ್ಳುತ್ತಾರೆ, ಯಾಕೆಂದರೆ ಔಷಧಿ ಹಿಡಿಯುವ ಮೊದಲೇ ಎದ್ದ ಕಲೆಗಳನ್ನು ಔಷಧಿಯ ಸೋಲು ಅಂತ ಲೆಕ್ಕ ಹಾಕಬಾರದಲ್ಲ. ಕಾಂಟ್ರಾಸ್ಟ್ ಪ್ರತಿ ಸಲವೂ ಬೇಕಾಗಿಲ್ಲ, ಬೇಕಾ ಅಂತ ಕೇಳಿ. ಬಸಿರಿಯಾಗಿದ್ದರೆ, ಕಿಡ್ನಿ ತೊಂದರೆ ಇದ್ದರೆ ಮೊದಲೇ ಹೇಳಿ. ಎಂಎಸ್ ನಮ್ಮ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ಅಂಗವೈಕಲ್ಯಗಳ ಪಟ್ಟಿಯಲ್ಲಿದೆ, ಸರ್ಟಿಫಿಕೇಟ್ ಮಾಡಿಸುವಾಗಲೂ ಈ ರಿಪೋರ್ಟ್‌ಗಳು ಬೇಕಾಗುತ್ತವೆ.

ಹೋದ ತಿಂಗಳು ಅವಳ ಐದನೆಯ ಸ್ಕ್ಯಾನ್ ಆಯಿತು. ನಲವತ್ತು ನಿಮಿಷ ಆ ಕೊಳವೆಯೊಳಗೆ ಟಕಟಕ ಸದ್ದು ಕೇಳಿಕೊಂಡು ಮಲಗಿ ಎದ್ದು ಬಂದಳು. ಸಂಜೆ ರಿಪೋರ್ಟ್ ಬಂತು. ಈ ಸಲ ಅವಳು ಎಷ್ಟು ಚುಕ್ಕೆ ಅಂತ ಕೇಳಲಿಲ್ಲ. ಕೊನೆಯ ಸಾಲಿಗೆ ಬೆರಳಿಟ್ಟು ತಾನೇ ಓದಿದಳು. ಹಿಂದಿನ ಸ್ಕ್ಯಾನಿಗೆ ಹೋಲಿಸಿದರೆ ಹೊಸ ಕಲೆ ಇಲ್ಲ, ಇದ್ದ ಕಲೆ ದೊಡ್ಡದಾಗಿಲ್ಲ, ಬೆಳಗುವ ಕಲೆ ಒಂದೂ ಇಲ್ಲ. "ಒಂಬತ್ತು ಒಂಬತ್ತಾಗೇ ಅವೆ ಕಣಕ್ಕಾ" ಅಂದಳು. ಸಿಡಿಯ ಮೇಲೆ ತಾರೀಖು ಬರೆದು, ಹಳೆಯ ನಾಲ್ಕರ ಜೊತೆ ಸೀರೆ ಪೆಟ್ಟಿಗೆಯಲ್ಲಿಟ್ಟು, ಮರುದಿನ ಬೆಳಿಗ್ಗೆ ಏಳರ ಬಸ್ಸಿಗೆ ಶಾಲೆಗೆ ಹೊರಟಳು.